ಅಣ್ಣನ ನಾಣ್ಯದ ದರ್ಜೆ

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಕಂಡಕ್ಟರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಚಿಲ್ಲರೆಗಾಗಿ ಜಗಳವಾಡುತ್ತಿದ್ದ. ಎದುರಿನವನು ಕೇಳಿದಷ್ಟನ್ನೂ ಕೊಟ್ಟು ಇಳಿದುಬಿಟ್ಟ. ಇಡೀ ನೌಕರಿಯಲ್ಲಿ ಅವನು ಸೋತ ಜಗಳ ಅದೊಂದೇ.

ಅಣ್ಣನಿಗೆ ಹಳೆಯ ನಾಣ್ಯಗಳೆಂದರೆ ಜೀವ. ತಮ್ಮನ ಮೇಲೆ ಮಾತ್ರ ಸದಾ ಒಂದೇ ದೂರು: “ದಿನಾ ಚೀಲದ ತುಂಬ ನಾಣ್ಯ ಮುಟ್ತೀಯ, ಒಂದನ್ನಾದ್ರೂ ನೋಡಿದ್ದೀಯೇನೋ? ನಿನಗೆ ಕಣ್ಣಿದೆ, ನೋಟ ಇಲ್ಲ.” ಆ ಮಾತು ಮುಳ್ಳಿನಂತೆ ನೆಟ್ಟಿತ್ತು. ಅಣ್ಣನ ಕೊನೆಯ ಕಾಯಿಲೆಯಲ್ಲಿ ಕಂಡಕ್ಟರು ಕೆಲಸ ಮುಗಿಸಿ ಬಂದು, ಹಾಸಿಗೆಯ ಪಕ್ಕ ಭೂತಗನ್ನಡಿ ಹಿಡಿದು ಕುಳಿತು, ನಾಣ್ಯ ನೋಡುವುದನ್ನು ಸದ್ದಿಲ್ಲದೆ ಕಲಿತ. ಕಲಿತದ್ದನ್ನು ತೋರಿಸುವ ಮೊದಲೇ ದೇವರು ಅಣ್ಣನನ್ನು ಕರೆದುಕೊಂಡ.

ದುಃಖ ತುಸು ತಣ್ಣಗಾದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಮರದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಹತ್ತಿಯ ಮೇಲೆ ರಾಣಿಯ ಮುಖವಿದ್ದ ಬೆಳ್ಳಿಯ ನಾಣ್ಯ.

“ಇದರ ದರ್ಜೆ ಯಾರು ಸರಿಯಾಗಿ ಹೇಳ್ತಾರೋ ಅವರಿಗೇ ಇದು ಅಂತ ಇವರು ಹೇಳಿ ಹೋಗಿದ್ದಾರೆ. ನಾಣ್ಯ ಪರೀಕ್ಷೆ ಮಾಡೋ ಅವರ ಸ್ನೇಹಿತರು ಮಧ್ಯಾಹ್ನ ಬಂದು ತೀರ್ಪು ಕೊಡ್ತಾರೆ. ನೀವಿಬ್ಬರೂ ಈಗಲೇ ಹೇಳಿಬಿಡಿ.”

ಇಬ್ಬರಲ್ಲಿ ಇನ್ನೊಬ್ಬನೆಂದರೆ ಅತ್ತಿಗೆಯ ತಮ್ಮ, ಪಾತ್ರೆ ಅಂಗಡಿಯವನು. ಕನ್ನಡಕವನ್ನೂ ಹಾಕಿಕೊಳ್ಳದೆ “ಉತ್ತಮ” ಅಂದ. ತಳ ಸೋರುವ ಕೊಡಕ್ಕೂ ಅವನು ಅದನ್ನೇ ಹೇಳುತ್ತಿದ್ದ.

ಕಂಡಕ್ಟರು ನಾಣ್ಯದ ಅಂಚನ್ನು ಎರಡೇ ಬೆರಳಲ್ಲಿ, ಹಸುಗೂಸನ್ನು ಎತ್ತುವಂತೆ ಎತ್ತಿ ಬೆಳಕಿಗೆ ವಾಲಿಸಿದ. ರಾಣಿಯ ಕಿವಿಯ ಮೇಲಿನ ಕೂದಲು ಎಳೆ ಎಳೆಯಾಗಿ ಕಾಣುತ್ತಿತ್ತು. ಕೆನ್ನೆ ಸವೆದಿರಲಿಲ್ಲ, ಅಂಚಿಗೆ ಗಾಯವಿರಲಿಲ್ಲ. ಮೇಲೆ ಹರಡಿದ್ದ ಕಪ್ಪು ಬಣ್ಣ ಕೊಳೆಯಲ್ಲ, ವಯಸ್ಸು.

“ಅತ್ಯುತ್ತಮ,” ಅಂದ.

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಒಳಗೆ ಬಂದಳು. “ಅಯ್ಯೋ, ಇಷ್ಟು ಕಪ್ಪಾಗಿದ್ಯಲ್ಲ! ಒಂದು ಚಿಟಿಕೆ ಹಲ್ಲುಪುಡಿ ಹಾಕಿ ಉಜ್ಜಿಕೊಡ್ತೀನಿ, ತಡೀರಿ.”

“ಮುಟ್ಟಬೇಡಿ ಅಕ್ಕ! ಉಜ್ಜಿದ್ರೆ ಸತ್ತೇ ಹೋಗುತ್ತೆ.”

“ನಮ್ಮನೆ ಲೋಟ ಎಲ್ಲಾ ಸತ್ತಿವೆಯಾ ಹಾಗಾದ್ರೆ?”

“ಹತ್ರ ಬಂದು ಮಾತಾಡ್ಬೇಡಿ. ಎಂಜಲು ಸಿಡಿದ್ರೆ ಕಲೆ ಬೀಳುತ್ತೆ.”

ಅಕ್ಕ ಹೋಗಲಿಲ್ಲ. ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದರಿಂದ ಕಿಟಕಿಯಾಚೆಗೆ ಸನ್ನೆ ಮಾಡಿದಳು. ನೋಡನೋಡುತ್ತ ಬೀದಿಯೇ ಒಳಗೆ ಬಂತು. ಕಂಡಕ್ಟರು ಡಬ್ಬಿಗೆ ಅಡ್ಡ ನಿಂತು ಕೂಗತೊಡಗಿದ: “ಮುಂದೆ ಹೋಗಿ, ಮುಂದೆ ಹೋಗಿ! ನೋಡಿದೋರು ಇಳೀರಿ!”

ಜನ ಕರಗಿದ ಮೇಲೆ ಪಾತ್ರೆ ಅಂಗಡಿಯವನು ಆಕಳಿಸಿದ. “ಭಾವ, ನಿಜ ಹೇಳ್ಲಾ? ನಾನು ಲೋಹದ ನಡುವೆ ಹುಟ್ಟಿ ಬೆಳೆದೋನು. ಇದು ಬೆಳ್ಳೀನೇ ಅಲ್ಲ, ಸೀಸ. ನಿಮ್ಮಣ್ಣನಿಗೆ ಯಾರೋ ಟೋಪಿ ಹಾಕಿದ್ದಾರೆ.”

“ನಮ್ಮಣ್ಣನಿಗಾ?”

“ಹೂಂ. ಪಾಪ.”

ಆ “ಪಾಪ” ಕಂಡಕ್ಟರನ ನೆತ್ತಿಗೇರಿತು. ಖೋಟಾ ಎಂದು ಅನುಮಾನ ಬಂದ ನಾಣ್ಯವನ್ನು ಬಸ್ಸಿನ ಕಂಬಿಗೆ ಬಡಿದು ನೋಡುವುದು ಅವನ ಕೈಗೆ ಅಂಟಿದ ಚಾಳಿ. ಇಲ್ಲಿ ಕಂಬಿಯಿರಲಿಲ್ಲ, ಕಿಟಕಿಯ ಕಲ್ಲಿತ್ತು. ಕೈ ತಲೆಯನ್ನು ಕೇಳಲಿಲ್ಲ.

ಠಣ್!

ಎಂಥ ನಾದ! ಕೋಣೆಯನ್ನೆಲ್ಲ ತುಂಬಿ ಮೆಲ್ಲನೆ ಕರಗಿತು. ಅಕ್ಕ ಕೂಡ ಬಾಯಿಂದ ಕೈ ತೆಗೆದು “ಆಹಾ!” ಅಂದಳು.

“ಕೇಳಿಸ್ತೇನಯ್ಯ? ಸೀಸ ಹೀಗೆ ಹಾಡುತ್ತಾ?” ಎಂದು ಕಂಡಕ್ಟರು ಎದೆಯುಬ್ಬಿಸಿದ. ಆಮೇಲೆ ಬೆರಳಿಗೆ ಏನೋ ಚುಚ್ಚಿದಂತಾಗಿ ನೋಡಿದ. ಉಬ್ಬಿದ ಎದೆ ತೂತುಬಿದ್ದ ಚೆಂಡಿನಂತೆ ಇಳಿಯಿತು.

ಮಧ್ಯಾಹ್ನ ಬಂದ ಪರೀಕ್ಷಕರು ವಯಸ್ಸಾದವರು. ನಾಣ್ಯವನ್ನು ಹಿಂದೆ ಮುಂದೆ ತಿರುಗಿಸಿ, ಕೊನೆಗೆ ಅಂಚನ್ನೂ ಸುತ್ತಿಸಿ ನೋಡಿದರು.

“ಸವೆತ ಏನೂ ಇಲ್ಲ. ‘ಅತ್ಯುತ್ತಮ’ವೇ ಆಗಿತ್ತು. ಆದ್ರೆ ಅಂಚಿಗೆ ಪೆಟ್ಟು ಬಿದ್ದಿದೆ, ಅದೂ ಹಸೀ ಪೆಟ್ಟು. ಈಗ ಇದು ಬರೀ ‘ಉತ್ತಮ’.”

“ಬೆಳಿಗ್ಗೆ ನಮ್ಮ ಮೈದುನ ಸರಿಯಾಗಿ ಹೇಳಿದ್ದನಲ್ಲ!” ಅತ್ತಿಗೆಗೆ ತಡೆಯಲಾಗಲಿಲ್ಲ.

“ನಾಣ್ಯಕ್ಕೆ ಬೆಳಿಗ್ಗೆ ಅನ್ನೋದಿಲ್ಲಮ್ಮ. ನನ್ನ ಕೈಗೆ ಬಂದಾಗ ಹೇಗಿದೆಯೋ ಅದೇ ದರ್ಜೆ.”

ಪಾತ್ರೆ ಅಂಗಡಿಯವನು ಡಬ್ಬಿ ಎತ್ತಿಕೊಂಡ. “ನಾನು ಹೇಳ್ಲಿಲ್ವಾ, ಉತ್ತಮ ಅಂತ?” ಸೀಸದ ಮಾತು ಅವನಿಗೆ ನೆನಪೇ ಇರಲಿಲ್ಲ.

ಬಾಗಿಲ ಬಳಿ ಪರೀಕ್ಷಕರು ಕಂಡಕ್ಟರನ ಭುಜ ಮುಟ್ಟಿದರು. “ನಿಮ್ಮಣ್ಣ ನನ್ನ ಹತ್ರ ಏನಂದಿದ್ದ ಗೊತ್ತಾ? ‘ನಮ್ಮ ತಮ್ಮ ಸರಿಯಾಗೇ ಹೇಳ್ತಾನೆ. ಅವನ ಕಣ್ಣಿನ ಚಿಂತೆ ನನಗಿಲ್ಲ ಕಣಯ್ಯ, ಕೈಯದ್ದೇ ಭಯ.’”

ಕಂಡಕ್ಟರು ನಗಲು ಹೋದ, ಅಳು ಬಂತು. ಎಲ್ಲರೂ ಹೋದ ಮೇಲೆ ಕಿಟಕಿಯ ಬಳಿ ನಿಂತು, ಆ ಕೈಗಳನ್ನೇ ಜೋಡಿಸಿದ.

“ದೇವರೇ, ನಮ್ಮಣ್ಣನ ಆತ್ಮಕ್ಕೆ ಶಾಂತಿ ಕೊಡು. ಅವನನ್ನ ನಿನ್ನ ಪಾದದ ಹತ್ರಾನೇ ಕೂರಿಸ್ಕೋ. ಇವತ್ತೊಂದು ದಿನ ಮಾತ್ರ ಕೆಳಗೆ ನೋಡೋಕೆ ಬಿಡಬೇಡಪ್ಪ.”