ಮಾವನ ಗಿಟಾರ್ ನುಡಿದ ಮಧ್ಯಾಹ್ನ

ಮಾವನವರ ಗಿಟಾರಿಗೆ ಒಂದೇ ಒಂದು ತೂತು ಕೊರೆಯದೆ ಪಿಕಪ್ ಕೂರಿಸುತ್ತೇನೆ ಎಂದು ಊಟದ ಮೇಜಿನಲ್ಲಿ ಘೋಷಿಸಿದಾಗ, ನನಗೆ ದಂಡೆತ್ತಿ ಹೊರಟ ಸೇನಾಪತಿಯ ಗತ್ತು! ಕೈಯಲ್ಲಿ ಮಾತ್ರ ಸೌಟಿತ್ತು.

"ನಿಮ್ಮನ್ನ ಆಫೀಸಿಂದ ಪಿಕಪ್ ಮಾಡೋದೇ ನನಗೆ ಸಾಕಾಗಿದೆ. ಇದ್ಯಾವುದು ಇನ್ನೊಂದು?" ಎಂದಳು ಹೆಂಡತಿ.

"ತಂತಿ ಅದುರೋದನ್ನ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸೋ ಡಬ್ಬಿ ಕಣೇ! ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಷ್ಟು ತೆಳ್ಳಗಿನ ತಂತಿ."

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅವರ ಗಿಟಾರಿಗೆ ಗಾಯ ಆಗಬಾರದು" ಎಂದರು, ಅಷ್ಟೇ.

ಮಾವ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಆರ್ಚ್‌ಟಾಪ್ ಗಿಟಾರ್ ಅದು. ಪಿಟೀಲಿನಂತೆ ಉಬ್ಬಿದ ಎದೆ, ಅದರ ಎರಡೂ ಬದಿಗೆ ಬಾಗಿದ ಸೀಳು. ಅವರು ತೀರಿಕೊಂಡ ಮೇಲೆ ಮುಂದಿನ ಕೋಣೆಯ ಮೂಲೆಯಲ್ಲಿ ನಿಂತು, ಆ ಸೀಳುಗಣ್ಣುಗಳಿಂದ ಬಂದುಹೋಗುವವರನ್ನೆಲ್ಲ ನೋಡುತ್ತಿತ್ತು. ನನ್ನನ್ನು ಸ್ವಲ್ಪ ಹೆಚ್ಚೇ ನೋಡುತ್ತಿತ್ತು. ಥೇಟ್ ಮಾವನ ಹಾಗೆ!

ಅಂಗಡಿಯವನು ಎರಡು ಬಗೆ ತೋರಿಸಿದ. ಒಂದನ್ನು ಕೂರಿಸಲು ಗಿಟಾರಿನ ಎದೆಯನ್ನೇ ಕತ್ತರಿಸಬೇಕು. ಇನ್ನೊಂದು ಹಳೆಯ ಕಾಲದ ಮಾದರಿ. ತಂತಿಗಳ ಪಕ್ಕದಲ್ಲಿರುವ ಪ್ಲಾಸ್ಟಿಕ್ ಪಟ್ಟಿಗೆ ಸಿಕ್ಕಿಸಿದರೆ, ಮರವನ್ನು ಮುಟ್ಟದೆ ತಂತಿಗಳ ಕೆಳಗೆ ತೇಲುತ್ತಿರುತ್ತದೆ. ಎರಡನೆಯದನ್ನೇ ತಂದೆ.

ಪಿಕಪ್ಪಿನ ಸ್ಕ್ರೂಗಾಗಿ ಆ ಪಟ್ಟಿಗೆ ಮಾತ್ರ ತೂತು ಬೇಕು; ಅದನ್ನು ಗಿಟಾರಿನಿಂದ ಬಿಚ್ಚಿ, ದೂರ ಇಟ್ಟು ಕೊರೆಯಬೇಕಿತ್ತು. ಬಿಚ್ಚುವುದು ಹೇಡಿಗಳ ಕೆಲಸ! ಗಿಟಾರಿನ ಮೇಲಿದ್ದ ಹಾಗೆಯೇ ಡ್ರಿಲ್ ಇಟ್ಟೆ. ಅದು ಪಟ್ಟಿಯನ್ನು ದಾಟಿ, ಗರ್ರೆಂದು ಮರಕ್ಕೂ ಇಳಿಯಿತು. ನನ್ನ ಎದೆಯಲ್ಲೂ ಏನೋ ಗರ್ರೆಂದಿತು. ಸುತ್ತ ನೋಡಿದೆ. ಯಾರೂ ಇಲ್ಲ. ಕಂದು ಬಣ್ಣದ ಬೂಟ್ ಪಾಲಿಶ್ ತಂದು ತೂತಿಗೆ ಮೆತ್ತಿ, ಮೇಲೆ ಪಿಕಪ್ ಬಿಗಿದು, ದೇವರಿಗೂ ಗೊತ್ತಾಗದಂತೆ ಒರೆಸಿಬಿಟ್ಟೆ.

ಮರುದಿನ ಮಧ್ಯಾಹ್ನ ತಾಯಿ, ಮಗಳು ಇಬ್ಬರೂ ದರ್ಜಿಯ ಅಂಗಡಿಗೆ ಹೊರಟರು. ಗಿಟಾರ್ ಪಕ್ಕದಲ್ಲೇ ಆಂಪ್ಲಿಫೈಯರ್ ಇದ್ದರೆ ಕಿರ್ರೆಂದು ಕಿರುಚುತ್ತಿತ್ತು. ಅದಕ್ಕೇ ಗಿಟಾರನ್ನು ಮುಂದಿನ ಕೋಣೆಯಲ್ಲೇ ಬಿಟ್ಟು, ಆಂಪ್ಲಿಫೈಯರನ್ನು ಹಿಂದಿನ ಕೋಣೆಗೆ ಹೊತ್ತು, ಉದ್ದನೆಯ ವೈರು ಎಳೆದು, ದನಿಯನ್ನು ಪೂರ್ತಿ ಏರಿಸಿ, ಕಿರುಚಾಟ ನಿಂತಿತೇ ಎಂದು ಕಿವಿಗೊಟ್ಟು ಕುಳಿತೆ. ಹೊರಗೆ ಮೋಡ ಕವಿದು ಕೋಣೆ ಬೂದಿಬಣ್ಣಕ್ಕೆ ತಿರುಗಿತ್ತು. ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ.

ಆಂಪ್ಲಿಫೈಯರ್ ಉಸಿರಾಡಿತು.

ಆಮೇಲೆ ಮರದ ಮೇಲೆ ಉಗುರು ಎಳೆದ ಸದ್ದು. ಮೆಲ್ಲಗೆ, ಏನನ್ನೋ ಹುಡುಕುವಂತೆ. ಆಮೇಲೆ ದಪ್ಪ ತಂತಿ ತಾನಾಗಿ 'ಡುಂ' ಎಂದಿತು. ಮನೆಯಲ್ಲಿ ಇದ್ದವನು ನಾನೊಬ್ಬನೇ!

"ನೋಯ್ತಾ ಇದೆಯಾ?"

ಬಾವಿಯ ತಳದಿಂದ ಬಂದ ಸ್ವರ. ಗಂಡೋ ಹೆಣ್ಣೋ ತಿಳಿಯದು. ನಾನು ಆಂಪ್ಲಿಫೈಯರನ್ನು ನೋಡಿದೆ. ಅದರ ಕೆಂಪು ದೀಪ ನನ್ನನ್ನು ನೋಡಿತು.

"ಎದೆಗೇ ಚುಚ್ಚಿಬಿಟ್ನಲ್ಲ, ನಮ್ಮ ಅಳಿಯ…"

ಅಳಿಯ! ನನ್ನನ್ನು ಹಾಗೆನ್ನಬಲ್ಲವರು ಯಾವ ಲೋಕ ಹುಡುಕಿದರೂ ಇಬ್ಬರೇ. ಒಬ್ಬರು ದರ್ಜಿಯ ಅಂಗಡಿಯಲ್ಲಿದ್ದಾರೆ. ಇನ್ನೊಬ್ಬರು ಗೋಡೆಯ ಮೇಲೆ ಚೌಕಟ್ಟಿನೊಳಗಿದ್ದಾರೆ! ಪ್ಲಗ್ ಕೀಳೋಣವೆಂದರೆ ಕೈ ನನ್ನ ಮಾತು ಕೇಳಲಿಲ್ಲ. ಗಿಟಾರನ್ನು ನುಡಿಸಬೇಕೆಂದು ಹೊರಟೆ, ಅದು ನಿಜವಾಗಿಯೂ ನುಡಿದುಬಿಟ್ಟಿತ್ತು!

"ಮಾವಾ!" ಎಂದು ನೆಲಕ್ಕೆ ಬಿದ್ದು ಕೂಗಿದೆ. "ತಪ್ಪಾಯ್ತು ಮಾವಾ! ಡ್ರಿಲ್ ಜಾರಿತು! ಬೂಟ್ ಪಾಲಿಶ್ ಮೆತ್ತಿದ್ದೂ ನಾನೇ!"

ಕೆಂಪು ದೀಪ ಮಿಟುಕಿತು.

"ಬೂಟ್ ಪಾಲಿಶ್ಶಾ?" ಎಂದಿತು ಆಂಪ್ಲಿಫೈಯರ್.

ಅಂಬೆಗಾಲಿಟ್ಟುಕೊಂಡೇ ಮುಂದಿನ ಕೋಣೆಗೆ ಬಂದೆ. ಅತ್ತೆ ಗಿಟಾರಿನ ಪಕ್ಕ ಮಣೆ ಹಾಕಿಕೊಂಡು, ಅದರ ಎದೆಗೆ ಕೆನ್ನೆ ಆನಿಸಿ, ಪಟ್ಟಿಯ ಕೆಳಗೆ ಬೆರಳು ತೂರಿಸಿ ತೂತನ್ನು ತಡವುತ್ತ ಕುಳಿತಿದ್ದರು.

"ಮಂಡಿನೋವು ಅಂತ ಅರ್ಧ ದಾರಿಯಿಂದ ವಾಪಸ್ ಬಂದೆ" ಎಂದರು. "ನೀವ್ಯಾಕೆ ಹೀಗೆ ಮಗು ಥರ ಬರ್ತಾ ಇದ್ದೀರಿ?"

ಸ್ಪೀಕರ್ ಹಾಕಿ ಅಂಗಡಿಯವನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವನು ನಕ್ಕ. "ಹಳೇ ಮಾದರಿ ಅಲ್ವಾ ಸಾರ್, ಒಳಗೆ ಮೇಣ ತುಂಬಿಸಿಲ್ಲ, ತಂತಿ ಸಡಿಲ. ಬಾಯಿ ಹತ್ತಿರ ಇಟ್ಟು ಮಾತಾಡಿದ್ರೆ ಅದೂ ಒಂದು ಮೈಕೇ! ತನ್ನಿ, ಮೇಣದಲ್ಲಿ ಅದ್ದಿಕೊಡ್ತೀನಿ. ಬಾಯಿ ಮುಚ್ಚುತ್ತೆ."

"ಬೇಡ" ಎಂದರು ಅತ್ತೆ.

ಅಷ್ಟರಲ್ಲಿ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ನಮ್ಮಿಬ್ಬರನ್ನೂ ನೋಡಲಿಲ್ಲ. ಗಿಟಾರನ್ನೇ ನೋಡುತ್ತ ಹೇಳಿದರು: "ಅವರು ಹೋದಾಗಿಂದ ದಿನಾ ಇದರ ಹತ್ರ ಮಾತಾಡ್ತೀನಿ. ಇವತ್ತು ಒಬ್ರಾದ್ರೂ ಕೇಳಿಸಿಕೊಂಡ್ರು."

ಹೆಂಡತಿ ಬಂದು ತಾಯಿಯ ಪಕ್ಕ ನೆಲದ ಮೇಲೆ ಕುಳಿತಳು. ನಾನೂ ಎದುರಿಗೆ ಕುಳಿತೆ. ತೂತಿನ ಬಗ್ಗೆ ಯಾರೂ ಬೈಯಲಿಲ್ಲವಲ್ಲ ಎಂಬ ನೆಮ್ಮದಿಯೂ ಇತ್ತು, ಸುಳ್ಳೇಕೆ ಹೇಳಲಿ?

"ಹಾಗಾದ್ರೆ ಪಿಕಪ್ ಹೀಗೇ ಇರ್ಲಿ ಅತ್ತೆ!" ಎಂದು ಹುರುಪಿನಿಂದ ಗಿಟಾರನ್ನು ತೊಡೆಯ ಮೇಲೆಳೆದುಕೊಂಡು, ನನಗೆ ಬರುವ ಒಂದೇ ಒಂದು ರಾಗವನ್ನು ಬಾರಿಸತೊಡಗಿದೆ.

ಅತ್ತೆ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು:

"ಅಳಿಯಂದಿರೇ, ನಾನು ಮಾತಾಡುವಾಗ ಆ ಸ್ವಿಚ್ ಹಾಕಿರಲಿ. ನೀವು ನುಡಿಸುವಾಗ ಮಾತ್ರ ಆರಿಸಿಬಿಡಿ."