ನಗುವವರ ಮೂಗಿಗೆ ಉಪ್ಪುನೀರು

“ಇದಕ್ಕ ಕಣ್ಣೈತಿ, ಬುದ್ಧಿ ಐತಿ, ಬಾಯೂ ಐತಿ!” ಎನ್ನುತ್ತ ಗದಿಗೆಪ್ಪಣ್ಣ ಖಾನಾವಳಿಯ ಗಲ್ಲಾ ಮೇಜಿನ ಮೇಲೆ ಯಂತ್ರವನ್ನು ಕೂರಿಸಿದ. ನಾನು ಪಕ್ಕದ ಅಂಗಡಿಯ ದರ್ಜಿ, ಮಧ್ಯಾಹ್ನದ ಊಟ ಅಲ್ಲೇ. ಮೋಟಾರು ರಿಪೇರಿ ಬಿಟ್ಟು ಈತ ಹುಟ್ಟಿಸಿದ ಯಂತ್ರಗಳನ್ನೆಲ್ಲ ಸಹಿಸಿಕೊಂಡವನು ನಾನು.

ಈ ಸಲ ಮಾತ್ರ ಅವನನ್ನು ಬೈಯುವ ಮನಸ್ಸಾಗಲಿಲ್ಲ. ಖಾನಾವಳಿ ನಡೆಸುವವಳು ಅವನ ಹೆಂಡತಿ ನೀಲಕ್ಕ. ಬ್ಯಾಡಗಿಯ ಮೆಣಸಿನಕಾಯಿ ಧೂಳಿಗೆ ಅವಳಿಗೆ ಹಿಡಿದ ನೆಗಡಿ ಹೋಗಲೇ ಇಲ್ಲ. ವಾಸನೆಯೇ ಬಾರದೆ ಒಗ್ಗರಣೆಯ ಹದ ತಪ್ಪುತ್ತಿತ್ತು, ಗಿರಾಕಿಗಳು ಕರಗುತ್ತಿದ್ದರು. ಹೀಗೇ ಆದರೆ ಒಲೆ ಆರಿಸಿಬಿಡುತ್ತೇನೆ ಎಂದು ಅವಳು ಕಣ್ಣೀರಿಟ್ಟಿದ್ದಳು.

ಡಾಕ್ಟರು ಮೂಗಿಗೆ ಹೊಡೆದುಕೊಳ್ಳುವ ಔಷಧ ಕೊಟ್ಟಿದ್ದರು. ಆದರೆ ಗಂಟಲು ಕಹಿಯಾದರೆ ಮಾತ್ರ ಔಷಧ ಹತ್ತಿತು ಎಂಬುದು ನಮ್ಮ ಓಣಿಯ ನಂಬಿಕೆ. ನೀಲಕ್ಕ ತಲೆ ಮೇಲೆತ್ತಿ ಸೊರ್ರನೆ ಎಳೆದು, ಅಷ್ಟನ್ನೂ ಹೊಟ್ಟೆಗೆ ಇಳಿಸುತ್ತಿದ್ದಳು. ಮೂಗಿಗೆ ಔಷಧ ಹೊಡೆಯಲೆಂದು ಮಾಡಿದ ಈ ಯಂತ್ರಕ್ಕೆ ಗದಿಗೆಪ್ಪಣ್ಣ ಕಲಿಸಿದ್ದೂ ಅದನ್ನೇ: ಎದುರಿನವರು ಮುಖ ಕಿವುಚುವ ತನಕ ಹೊಡಿ!

ಪರೀಕ್ಷೆಗೆಂದು ಉಪ್ಪುನೀರು ತುಂಬಿ ಅದನ್ನು ಹೆಂಡತಿಯ ಕಡೆ ತಿರುಗಿಸಿದ.

“ಕಹಿ ಹತ್ತೈತಿ. ಸಾಕು” ಎಂದಿತು ಯಂತ್ರ.

“ಹನಿ ನೀರೂ ಬಿದ್ದಿಲ್ಲಲ್ರೀ!”

“ನೀ ಮಾರಿ ಸಿಂಡರಿಸ್ಕೊಂಡ್ ನಿಂತರ ಅದೇನ್ ಮಾಡೀತು? ಒಂದೀಟು ನಗು.”

“ನಿಮ್ಮನ್ನ ನೋಡಿ ಹೆಂಗ್ ನಗೂದ್ರಿ?”

ಅಷ್ಟರಲ್ಲಿ ಯಂತ್ರ ತಾನಾಗಿಯೇ ಕತ್ತು ಹೊರಳಿಸಿತು. ಎಣ್ಣೆಗಾಯಿ ಸವಿಯುತ್ತಿದ್ದ ದಲ್ಲಾಳಿಯೊಬ್ಬ ಅದರ ಕಣ್ಣಿಗೆ ಬಿದ್ದ. “ಔಷಧ ಹತ್ತಿಲ್ಲ!” ಪಿಚಕ್! ನಾನು ನಕ್ಕೆ. ನನಗೂ ಪಿಚಕ್! ಗುಂಡಿ ಒತ್ತಿದರೂ ಅದು ನಿಲ್ಲಲಿಲ್ಲ. ಮುಖ ಕಿವುಚಿದವರನ್ನು ಅದು ಬಿಡುತ್ತದೆ ಎಂಬುದು ಬೇಗ ತಿಳಿಯಿತು. ಬೇವಿನ ಕಷಾಯ ಕುಡಿದವರಂತೆ ಎಲ್ಲರೂ ಸಾಲಾಗಿ ಕುಳಿತು ರೊಟ್ಟಿ ಮುರಿದೆವು. ಬಾಗಿಲಿಗೆ ಬಂದ ಹೊಸ ಗಿರಾಕಿಗಳು ನಮ್ಮ ಮುಖ ನೋಡಿದರು.

“ಊಟ ಹೆಂಗೈತಂತ ಕೇಳೂದ ಬ್ಯಾಡ. ನಡೀರೋ” ಎಂದು ಹಿಂದಿರುಗಿದರು.

ನೀಲಕ್ಕನ ಮುಖ ಬಾಡಿತು. ಪಾಪ, ಉಳಿದ ಗಿರಾಕಿಗಳೂ ಹೋಗುತ್ತಿದ್ದಾರೆ. ಅದನ್ನು ಕಂಡು ಗದಿಗೆಪ್ಪಣ್ಣ ಯಂತ್ರವನ್ನು ನಿಲ್ಲಿಸಲು ಅದರ ಮೇಲೆ ಬಿದ್ದ. ಆದರೆ ತಾನೇ ಹೆತ್ತ ಯಂತ್ರದ ಮುಂದೆ ಮುಖ ಕಿವುಚಲು ಅವನಿಂದಾಗಲಿಲ್ಲ. ಎಷ್ಟು ಪ್ರಯತ್ನಿಸಿದರೂ ಹೆಮ್ಮೆಯ ನಗುವೇ ಹೊರಬಿತ್ತು! ಪಿಚಕ್, ಪಿಚಕ್, ಪಿಚಕ್. ಮೀಸೆಯಿಂದ ನೀರು ತೊಟ್ಟಿಕ್ಕತೊಡಗಿತು.

ನೀಲಕ್ಕ ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಬಗ್ಗಿ ನಕ್ಕಳು. ಯಂತ್ರ ಕೆಳಗಿನಿಂದಲೇ ಗುರಿಯಿಟ್ಟು ಅವಳ ಎರಡೂ ಹೊಳ್ಳೆಗಳಿಗೆ ಹೊಡೆದು, ನೀರು ಮುಗಿದು ಸುಮ್ಮನಾಯಿತು. ನಗುವಿನಲ್ಲಿ ಅವಳಿಗೆ ಎಳೆದುಕೊಳ್ಳಲೂ ಆಗಲಿಲ್ಲ.

“ಗಂಟಲಿಗೆ ಬರಲೇ ಇಲ್ಲ. ಮೂಗಿನಾಗ ಉಳೀತು” ಎಂದಳು ಬೆರಗಾಗಿ.

ಇದನ್ನು ಕೇಳಿ ಡಾಕ್ಟರು ತಲೆ ಚಚ್ಚಿಕೊಂಡರು. “ತಲೆ ಬಗ್ಗಿಸು, ಎಳೀಬ್ಯಾಡ, ಒಂದಿನಾನೂ ತಪ್ಪಿಸಬ್ಯಾಡ ಅಂತ ಅವತ್ತೇ ಹೇಳಿರಲಿಲ್ಲೇನವ್ವಾ?”

ಅಂದಿನಿಂದ ಅವಳು ಡಾಕ್ಟರರ ಸೀಸೆಯನ್ನೇ ನಂಬಿ, ಹೇಳಿದ ಹಾಗೆ ದಿನವೂ ಹೊಡೆದುಕೊಂಡಳು. ಕೆಲವು ವಾರಗಳ ನಂತರ ಬಡಿಸುತ್ತಿದ್ದವಳು ತಟ್ಟನೆ ನಿಂತಳು.

“ಏನೋ ಸುಡಾಕತ್ತೈತಿ.”

ಒಲೆಯ ಮೇಲೆ ಏನೂ ಇರಲಿಲ್ಲ. ಹಿತ್ತಲಲ್ಲಿ ರಿಪೇರಿಗಿಟ್ಟಿದ್ದ ಯಂತ್ರ ಹೊಗೆಯಾಡುತ್ತಿತ್ತು.

“ವಾಸನೆ ಬಂತು!” ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀರಿನ ಕೊಡ ಹಿಡಿದು ಓಡಿಬಂದ ಗದಿಗೆಪ್ಪಣ್ಣ ಅದನ್ನು ಕೆಳಗಿಟ್ಟ.

“ತಡೀರಿ, ಇನ್ನೊಂದೀಟು ಸುಡ್ಲಿ. ಆಕಿ ಮೂಸಿ ನೋಡ್ಲಿ.”

ಅವನ ಯಂತ್ರಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಅದೂ ಸುಟ್ಟ ಮೇಲೆ.