ರಿಸರ್ವ್‌ನಲ್ಲಿ ಓಡುವ ಮಾವ

ನನ್ನ ಸೋದರಮಾವನಷ್ಟು ಜಿಪುಣರು ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಇನ್ನೊಬ್ಬರಿಲ್ಲ ಎಂದು ನೆಂಟರೆಲ್ಲ ಹೇಳುತ್ತಾರೆ. ಸುಳ್ಳು. ಭೂಮಿಯ ಹೊಟ್ಟೆಯಲ್ಲಿರುವ ಎಣ್ಣೆಗೆ ತಾನೊಬ್ಬನೇ ಕಾವಲುಗಾರ ಎಂದು ನಂಬಿದವರನ್ನು ಜಿಪುಣರೆನ್ನಲಾದೀತೆ?

ಮಾವ ವಾಶಿಯ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಅವರ ಹಳೆಯ ಸ್ಕೂಟರಿನ ಪೆಟ್ರೋಲ್ ಬಿಡುವ ನಲ್ಲಿ ಸದಾ ಟ್ಯಾಂಕಿನ ತಳದ ಪಾಲಿಗೆ, ಅಂದರೆ ರಿಸರ್ವ್‌ಗೇ ತಿರುಗಿರುತ್ತಿತ್ತು. ಒಮ್ಮೆಗೆ ಅರ್ಧ ಲೀಟರಿಗಿಂತ ಹೆಚ್ಚು ಹಾಕಿಸಿದವರಲ್ಲ. "ಇಡೀ ಲೋಕ ಓಡುವುದೇ ರಿಸರ್ವ್‌ನಲ್ಲಿ ಮಾರಾಯಾ. ನಾನೊಬ್ಬ ಒಪ್ಪಿಕೊಂಡಿದ್ದೇನೆ, ಅಷ್ಟೆ." ಇಳಿಜಾರು ಕಂಡರೆ ಎಂಜಿನ್ ಆಫ್, ಹಿಂದೆ ಕೂತವರಿಗೆ ಅಪ್ಪಣೆ: "ಮುಂದಕ್ಕೆ ವಾಲು." ವಾಲಿದರೆ ಸ್ಕೂಟರ್ ಹೆಚ್ಚು ದೂರ ಉರುಳುತ್ತದೆಂದು ಯಾವ ಭೌತಶಾಸ್ತ್ರ ಹೇಳಿದೆಯೋ! ನಿಂತೇಹೋದರೆ ಅತ್ತೆಯನ್ನು ಇಳಿಸಿ, ಸ್ಕೂಟರನ್ನು ಹಸುಗೂಸಿನಂತೆ ಎಡಕ್ಕೆ ಮಲಗಿಸಿ, ಟ್ಯಾಂಕಿನ ಮೂಲೆಯಲ್ಲಿ ಅಡಗಿದ ಹನಿಗಳನ್ನು ಕೂಡಿಸಿ, ಒದ್ದು ಎಬ್ಬಿಸುವುದು.

ಮಾವನಿಗೆ ಸಿಟ್ಟಿದ್ದದ್ದು ಬೆಲೆಯ ಮೇಲಲ್ಲ. ಬೆಲೆಯ ಬಗ್ಗೆ ಮಾತ್ರ ಮಾತಾಡುವವರ ಮೇಲೆ. ಆ ಸಿಟ್ಟು ನನಗೂ ಅಂಟಿದೆ. ಪೆಟ್ರೋಲ್ ದುಬಾರಿಯಾದಾಗೆಲ್ಲ ವಿರೋಧ ಪಕ್ಷದವರು ಎತ್ತಿನಗಾಡಿ ಏರುತ್ತಿದ್ದರು. ನವಿ ಮುಂಬಯಿಯಲ್ಲಿ ಎತ್ತೆಲ್ಲಿಂದ ಬರಬೇಕು? ಕಲ್ಯಾಣದ ಆಚೆಯಿಂದ ಡೀಸೆಲ್ ಟೆಂಪೋದಲ್ಲಿ ಬರುತ್ತಿತ್ತು! ಪುಢಾರಿ ದೊಡ್ಡ ಕಾರಿನಿಂದಿಳಿದು ಗಾಡಿ ಹತ್ತಿ, ಫೋಟೋ ತೆಗೆಸಿಕೊಂಡು, ಮತ್ತೆ ಕಾರಿಗೆ. ಅಷ್ಟು ಹೊತ್ತೂ ಕಾರಿನ ಎಂಜಿನ್ ಓಡುತ್ತಲೇ ಇರುತ್ತಿತ್ತು, ಒಳಗೆ ತಂಪಾಗಿರಲೆಂದು.

ಆಮೇಲೆ ಸರಕಾರ ಬದಲಾಯಿತು, ಬೆಲೆ ಮತ್ತೆ ಏರಿತು. ಗಾಡಿಯಲ್ಲಿದ್ದವರು "ಎಲ್ಲ ಅಂತರರಾಷ್ಟ್ರೀಯ ಮಾರುಕಟ್ಟೆಯ ಕೈಯಲ್ಲಿದೆ" ಎಂದರು. ಮೊದಲು ಅದನ್ನೇ ಹೇಳುತ್ತಿದ್ದವರು ಈಗ ಗಾಡಿ ಹತ್ತಿದರು. ಎತ್ತುಗಳು ಮಾತ್ರ ಅವೇ. ಒಂದರ ಕೊಂಬು ಮುರಿದಿದ್ದರಿಂದ ಮಾವ ಗುರುತು ಹಿಡಿದರು.

ಹೀಗೆ ಗಾಡಿಯಿಂದಿಳಿದು ಅಧಿಕಾರ ಹತ್ತಿದ ಒಬ್ಬ ಪುಢಾರಿ ಒಮ್ಮೆ ಹೋಟೆಲಿಗೆ ಇಡ್ಲಿ ತಿನ್ನಲು ಬಂದ. ಮಾವ ಗಲ್ಲೆಯಿಂದಲೇ ಎತ್ತುಗಳ ಯೋಗಕ್ಷೇಮ ಕೇಳಿದರು: "ಸಾಹೇಬ್, ಬೈಲ್ ಕೈಸೇ ಹೈ?"

ಪುಢಾರಿ ನಕ್ಕ. ಮಾವ ಬಿಡಲಿಲ್ಲ, ನೆಲದಡಿ ಎಣ್ಣೆ ಇನ್ನೆಷ್ಟು ವರ್ಷಕ್ಕಿದೆ ಎಂದು ಕೇಳಿದರು: "ಜಮೀನ್ ಮೇ ತೇಲ್ ಕಿತನೇ ಸಾಲ್ ಕಾ ಬಚಾ ಹೈ?"

"ಕಾಕಾ, ಪೆಹಲೇ ಚಾಯ್ ತೋ ಪಿಲಾವ್." ಮೊದಲು ಚಹಾ ಕುಡಿಸಿ ಎಂದು ಅವನು ಜಾರಿಕೊಂಡ.

ಅವನು ಹೋದ ಮೇಲೆ ಹೋಟೆಲಿನ ಧಣಿ ಮೆಲ್ಲಗೆ ಹೇಳಿದರು: "ನಮ್ಮಲ್ಲಿ ಇಡ್ಲಿ ಮುಗಿಯುತ್ತದಾ ಅಂತ ನೋಡಿ, ಸಾಕು. ಭೂಮಿಯದ್ದು ಬೇಡ."

ಎಷ್ಟು ಬೆಲೆ ಎಂದು ಎಲ್ಲರೂ ಕೂಗಿದರು. ಎಷ್ಟು ಉಳಿದಿದೆ ಎಂದು ಕೇಳಿದವನು ಹುಚ್ಚನಾದ!

ಇನ್ನು ಬೆಲೆಯೇರಿಕೆಯ ವಿರುದ್ಧದ ಆ ಬಂದ್‌ನ ದಿನ. ಯಾವ ಪಕ್ಷದ ಬಂದ್? ನನ್ನ ತಲೆಯಲ್ಲಿ ಮೂರು ಬಂದ್‌ಗಳು ಒಂದಕ್ಕೊಂದು ಮೆತ್ತಿಕೊಂಡಿವೆ. ಬಿಡಿಸಹೋದರೆ ನಾನೇ ಕತೆ ಕಟ್ಟಿಬಿಡುತ್ತೇನೆ. ಅಂದು ಬೆಳಗ್ಗೆ ಸಾನಪಾಡಾದಲ್ಲಿ ಅತ್ತೆಯ ಕಣ್ಣಿನ ಪೊರೆಯ ಆಪರೇಶನ್ ಇದ್ದದ್ದು ಮಾತ್ರ ನಿಜ. ಒಂದು ಕಣ್ಣು ಮೊದಲೇ ಹೋಗಿತ್ತು, ಉಳಿದದ್ದು ಇದೊಂದೇ. ಶುಗರ್ ಏರಿ ಎರಡು ಸಲ ಮುಂದಕ್ಕೆ ಹೋಗಿದ್ದರಿಂದ, ಇನ್ನು ತಡವಾದರೆ ಕಷ್ಟ ಎಂದಿದ್ದರು ಡಾಕ್ಟರು.

ಹಿಂದಿನ ದಿನ ಊರಿಗೆ ಊರೇ ಪಂಪಿನೆದುರು ಸಾಲು ನಿಂತಿತ್ತು. ಮಾವ ನಿಲ್ಲಲಿಲ್ಲ. "ಹೀಗೆ ಹೆದರಿ ತುಂಬಿಸುವವರಿಂದಲೇ ಎಣ್ಣೆ ಮುಗಿಯುವುದು."

ಬೆಳಗ್ಗೆ ರಿಕ್ಷಾ ಇಲ್ಲ, ಬಸ್ಸಿಲ್ಲ, ಪಂಪು ಮುಚ್ಚಿತ್ತು. ಸ್ಕೂಟರಿನಲ್ಲಿ ಮಾವ, ಅತ್ತೆ. ಹಿಂದೆ ಸೈಕಲ್ಲಿನಲ್ಲಿ ನಾನು. ವಾಶಿ ತಲುಪಿದ್ದೇ ಸ್ಕೂಟರ್ ನಿಂತಿತು. ಎಡಕ್ಕೆ ಮಲಗಿಸಿದರು. ಬಲಕ್ಕೂ ಮಲಗಿಸಿದರು. ಹನಿಯಿಲ್ಲ.

"ಎಂತ, ಮುಗಿಯಿತಾ?" ಎಂದರು ಅತ್ತೆ.

ಮಾವ ಅತ್ತೆಯ ಕೈಹಿಡಿದು ಮತ್ತೆ ಸ್ಕೂಟರಿನ ಮೇಲೆ ಕೂರಿಸಿ, "ಇಳಿಯಬೇಡ" ಎಂದು ತಳ್ಳತೊಡಗಿದರು. ನಾನು ಸೈಕಲ್ ಅಲ್ಲೇ ಬಿಟ್ಟು ಹಿಂದಿನಿಂದ ಕೈಕೊಟ್ಟೆ.

ಎದುರಿಗೆ ಮೋರ್ಚಾ, ಘೋಷಣೆ ಕೂಗುವ ಮೆರವಣಿಗೆ. ತಳ್ಳುವ ಮುದುಕ, ಸ್ಕೂಟರಿನ ಮೇಲೆ ಮುದುಕಿ! ಇದಕ್ಕಿಂತ ಒಳ್ಳೆಯ ದೃಶ್ಯವನ್ನು ಯಾವ ಪಕ್ಷ ತಾನೇ ಕಟ್ಟೀತು? ಹತ್ತು ಕೈ ಸ್ಕೂಟರಿಗೆ ಬಂದವು. ಯಾರೋ "ದಾದಾ, ಜರಾ ಪಕಡೋ" ಎಂದು ನನ್ನ ಕೈಗೆ ಝೆಂಡಾ, ಎಂದರೆ ಪಕ್ಷದ ಬಾವುಟ, ತುರುಕಿದರು. "ಅರೇ, ಮೋರ್ಚಾ ನಹೀ ಹೈ, ಆಪರೇಶನ್ ಹೈ" ಎಂದು ಮಾವ ಗಂಟಲು ಹರಿದುಕೊಂಡರೆ ಜನ ಜಿಂದಾಬಾದ್ ಎಂದರು. ಕ್ಯಾಮೆರಾ ಮಿಂಚಿತು. ಮಿಂಚಿದ್ದೇ ತಡ, ಹತ್ತೂ ಕೈ ಮಾಯ. ಮುಂದಿನ ಸೇತುವೆಯ ಏರನ್ನು ನಾವಿಬ್ಬರೇ ತಳ್ಳಿದೆವು. ಡಾಕ್ಟರು ಕೈಗವಸು ಹಾಕುವ ಹೊತ್ತಿಗೆ ತಲುಪಿದೆವು.

ಮರುದಿನ ಪೇಪರಿನಲ್ಲಿ ಫೋಟೋ: ಬೆಲೆಯೇರಿಕೆಯ ವಿರುದ್ಧ ಬೀದಿಗಿಳಿದ ವೃದ್ಧ ದಂಪತಿ! ಮಾವ ಆಸ್ಪತ್ರೆಯವರಿಂದ ಕತ್ತರಿ ಕೇಳಿ ಪಡೆದು ಫೋಟೋದಿಂದ ಝೆಂಡಾವನ್ನು ಕತ್ತರಿಸಿ ಎಸೆದರು. ಅದನ್ನು ಹಿಡಿದಿದ್ದ ನಾನೂ ಹೋದೆ. ಈಗ ಆ ಫೋಟೋದಲ್ಲಿ ನಾನಿಲ್ಲ. ಅಲ್ಲಿದ್ದೆ ಎನ್ನಲು ಅತ್ತೆಯೊಬ್ಬರೇ ಸಾಕ್ಷಿ. ಆಗ ಅವರಿಗೆ ಕಣ್ಣೇ ಕಾಣುತ್ತಿರಲಿಲ್ಲ!

ಸ್ವಲ್ಪ ಹೊತ್ತಿನಲ್ಲಿ ಅತ್ತೆಯ ಪಟ್ಟಿ ಬಿಚ್ಚಿದರು. ಮಂಚದ ಮೇಲಿದ್ದ, ಕತ್ತರಿಸಿ ಉಳಿದ ಆ ಫೋಟೋವನ್ನು ಅತ್ತೆ ಹತ್ತಿರ ಹಿಡಿದು, ದೂರ ಹಿಡಿದು, ತುಂಬ ಹೊತ್ತು ನೋಡಿದರು. ಆಮೇಲೆ ಮಾವನನ್ನು ನೋಡಿದರು.

"ನಿಮ್ಮ ತಲೆ ಇಷ್ಟು ಬಿಳಿ ಆದದ್ದು ಯಾವಾಗ?"

ಮಾವ ಹೊರಗೆ ನಡೆದರು. ನಾನೂ ಹಿಂದೆ ಹೋಗಿ, ಸ್ಕೂಟರನ್ನು ಪಂಪಿನವರೆಗೆ ತಳ್ಳಲು ಕೈಕೊಟ್ಟೆ. "ಕಿತನೇ ಕಾ?" ಎಂದ ಪಂಪಿನವನು.

"ಫುಲ್" ಎಂದರು ಮಾವ. ನಲ್ಲಿಯನ್ನು ರಿಸರ್ವ್‌ನಿಂದ ತಿರುಗಿಸಲು ಬರಲಿಲ್ಲ, ತುಕ್ಕು ಹಿಡಿದಿತ್ತು.

ಮನೆಗೆ ಹೊರಟಾಗ ನಾನು ಹಿಂದಿನ ರಿಕ್ಷಾದಲ್ಲಿದ್ದೆ. ಸೇತುವೆಯ ಇಳಿಜಾರು ಬಂದದ್ದೇ ಅತ್ತೆ ಅಭ್ಯಾಸದಂತೆ ಮುಂದಕ್ಕೆ ವಾಲಿ, ಮಾವನ ಬೆನ್ನಿಗೆ ಒರಗಿ ಕೂತರು.

ಮಾವ ಎಂಜಿನ್ ಆಫ್ ಮಾಡಲಿಲ್ಲ.